ಉಬ್ಬು ಗಾಜಿನ ತೊಟ್ಟಿಗೆ ನೇರ ಮರದ ಕಾಲು

ಮರಗೆಲಸ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮ ಅಣ್ಣ ಊರು ಬಿಡುವಾಗ ತನ್ನ ಮೀನಿನ ತೊಟ್ಟಿಯನ್ನು ನಮಗೆ ಕೊಟ್ಟು ಹೋದ. ಅದರ ಮುಂದಿನ ಗಾಜು ನೇರ ಇಲ್ಲ, ಬಿಲ್ಲಿನ ಹಾಗೆ ಮುಂದಕ್ಕೆ ಉಬ್ಬಿದೆ. ಉದ್ದ 36 ಇಂಚು, ಎರಡೂ ಪಕ್ಕ 14 ಇಂಚು, ನಡುವೆ 18 ಇಂಚು, ಎತ್ತರ 20 ಇಂಚು. ತಳದ ಸುತ್ತ ಕಪ್ಪು ಪ್ಲಾಸ್ಟಿಕ್ ಪಟ್ಟಿ ಇದೆ. ಸ್ಟ್ಯಾಂಡ್ ಬರಲಿಲ್ಲ. ಬಡಗಿಯೊಬ್ಬರು ಬಂದು ನೋಡಿ, 'ಬಾಗಿದ್ದೆಲ್ಲ ಆಗಲ್ಲಮ್ಮ, ಸುಮ್ನೆ ಚೌಕದ ಟೇಬಲ್ ಮಾಡಿಸಿಬಿಡಿ' ಅಂದರು. ಹಳೇ ಮನೆ ಬಿಚ್ಚಿದಾಗ ತೆಗೆದಿಟ್ಟ ಹೊನ್ನೆ ಮರದ ಎರಡು ಬಾಗಿಲ ಚೌಕಟ್ಟು ನಮ್ಮಲ್ಲಿವೆ. ಮಾವನವರಿಗೆ ಉಳಿ, ಗರಗಸ ಹಿಡಿದು ರೂಢಿ. ನಾನು, ಮಾವ ಸೇರಿ ಮನೆಯಲ್ಲೇ ಮಾಡಬಹುದಾ?
— ಶಾಲಾ ಶಿಕ್ಷಕಿ, ದಾವಣಗೆರೆ

ಉತ್ತರ: ಖಂಡಿತ ಮಾಡಬಹುದು ತಾಯಿ. ಆ ಬಡಗಿ ಹೇಳಿದ್ದರಲ್ಲೂ ತಪ್ಪಿಲ್ಲ. 36ಕ್ಕೆ 18 ಇಂಚಿನ ಚೌಕದ ಟೇಬಲ್ ಗಟ್ಟಿಯಾಗಿದ್ದರೆ ನಿಮ್ಮ ತೊಟ್ಟಿ ಅದರ ಮೇಲೆ ಚೆನ್ನಾಗಿಯೇ ಕೂರುತ್ತದೆ. ಮುಂದಿನ ಎರಡು ಮೂಲೆಯಲ್ಲಿ ಒಂದಷ್ಟು ಜಾಗ ಖಾಲಿ ಕಾಣುತ್ತದೆ, ಅಷ್ಟೇ. ಆದರೆ ಉಬ್ಬಿಗೆ ಹೊಂದುವ ಸ್ಟ್ಯಾಂಡ್ ಬೇಕು ಅನ್ನಿಸಿದೆ, ಹೊನ್ನೆ ಮರ ಮನೆಯಲ್ಲೇ ಇದೆ, ಮರ ಗೊತ್ತಿರುವ ಮಾವನವರಿದ್ದಾರೆ. ನಾನಾಗಿದ್ದರೆ ಬಾಗಿದ್ದನ್ನೇ ಮಾಡುತ್ತಿದ್ದೆ.

ಮೊದಲು ಭಾರದ ಲೆಕ್ಕ. ನಿಮ್ಮ ತೊಟ್ಟಿಯಲ್ಲಿ ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ ಸುಮಾರು 177 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ ಒಂದು ಕೆಜಿ. ಗಾಜು 8 ಮಿ.ಮೀ. ದಪ್ಪದ್ದಾದರೆ ಅದೇ 34 ಕೆಜಿ ಹತ್ತಿರ ಬರುತ್ತದೆ. ಮರಳು, ಕಲ್ಲು, ಮುಚ್ಚಳ, ದೀಪ ಎಲ್ಲ ಸೇರಿ 250 ಕೆಜಿ ಅಂತ ಇಟ್ಟುಕೊಳ್ಳಿ. ಅಂದರೆ ಐದು ಮೂಟೆ ಸಿಮೆಂಟು. ಅದನ್ನು ಹಗಲೂ ರಾತ್ರಿ, ವರ್ಷಗಟ್ಟಲೆ, ಒಂದು ಕಾಗದದಷ್ಟೂ ಅಲುಗದೆ ಹೊತ್ತು ನಿಲ್ಲಬೇಕು. ಕೆಲಸ ಮಾಡುವಾಗ ಆ ಐದು ಮೂಟೆ ಕಣ್ಣ ಮುಂದೆ ಇರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1998ರಲ್ಲಿ ನಾನು ಎರಡೂವರೆ ಅಡಿಯ ತೊಟ್ಟಿಯೊಂದನ್ನು ಅಂಗಡಿಯಿಂದ ತಂದ ಟಿವಿ ಮೇಜಿನ ಮೇಲೆ ಇಟ್ಟಿದ್ದೆ. ಅದು ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು. ಮೇಲೆ ಚಂದದ ಹಾಳೆ ಅಂಟಿಸಿದ್ದರು. ನೀರು ಬದಲಾಯಿಸುವಾಗ ಬಿದ್ದ ಹನಿ ಅಂಚಿನಿಂದ ಒಳಗೆ ಇಳಿದು, ಮಳೆಗಾಲದಲ್ಲಿ ಒಂದು ಮೂಲೆ ಬ್ರೆಡ್ಡಿನ ಹಾಗೆ ಉಬ್ಬಿ, ಆಮೇಲೆ ಕುಸಿಯಿತು. ಮೂರು ನಾಲ್ಕು ಮಿ.ಮೀ. ಅಷ್ಟೇ. ಆದರೆ ಗಾಜಿಗೆ ಬಾಗಲು ಬರುವುದಿಲ್ಲ. ಜುಲೈ ತಿಂಗಳ ಒಂದು ರಾತ್ರಿ ಮೂಲೆಯ ಸಿಲಿಕಾನ್ ಬಿಟ್ಟುಕೊಂಡಿತು. ಎದ್ದು ನೋಡಿದಾಗ ನಡುಮನೆಯೆಲ್ಲ ನೀರು. ಒಂಬತ್ತು ವರ್ಷದ ಮಗಳು ಕೊಡ ಹಿಡಿದುಕೊಂಡು, ಸಿಕ್ಕ ಮೀನನ್ನೆಲ್ಲ ಅದರೊಳಗೆ ಹಾಕುತ್ತಾ ಅಳುತ್ತಿದ್ದಳು. ಹನ್ನೊಂದು ಮೀನಿನಲ್ಲಿ ನಾಲ್ಕು ಉಳಿದವು. ಐಟಿಐನಲ್ಲಿ ಹುಡುಗರಿಗೆ ಮರಗೆಲಸ ಕಲಿಸುತ್ತಿದ್ದವನು ನಾನು. ಆವತ್ತಿನಿಂದ ಮೀನಿನ ತೊಟ್ಟಿಯ ಸ್ಟ್ಯಾಂಡ್ ಬಗ್ಗೆ ಯಾರು ಕೇಳಿದರೂ ಕೂತು ಪೂರ್ತಿ ಹೇಳುತ್ತೇನೆ.

ಈಗ ನಿಮ್ಮ ಉಬ್ಬಿನ ವಿಷಯ. ತೊಟ್ಟಿಯನ್ನು ಖಾಲಿ ಮಾಡಿ, ಇಬ್ಬರು ಹಿಡಿದು ಮೆತ್ತನೆಯ ಹಾಸಿನ ಮೇಲೆ ಹಿಂದಕ್ಕೆ ಮಲಗಿಸಿ ತಳ ನೋಡಿ. ತಳದ ಗಾಜು ಕಪ್ಪು ಪಟ್ಟಿಗಿಂತ ಒಳಗೆ, ಸ್ವಲ್ಪ ಮೇಲೆ ಇದೆಯಾ? ಒಂದು ಸ್ಕೇಲನ್ನು ಅಡ್ಡ ಇಟ್ಟರೆ ಗೊತ್ತಾಗುತ್ತದೆ. ನೀವು ಹೇಳಿದ ಪ್ರಕಾರ ಹಾಗೇ ಇರಬೇಕು. ಹಾಗಿದ್ದರೆ ಭಾರವೆಲ್ಲ ಸುತ್ತಲಿನ ಅಂಚಿನ ಮೇಲೆಯೇ ಇಳಿಯುತ್ತದೆ. ಬಾಗಿದ ಅಂಚಿನ ಮೇಲೂ. ಇಲ್ಲೇ ಬಹಳ ಜನ ಎಡವುತ್ತಾರೆ. 14 ಇಂಚು ಅಗಲದ ಚೌಕಟ್ಟು ಮಾಡಿ, ಅದರ ಮೇಲೆ ಬಿಲ್ಲಿನಾಕಾರದ ಪ್ಲೈವುಡ್ ಹೊದಿಸಿ, ನಡುವಿನ 4 ಇಂಚನ್ನು ಗಾಳಿಯಲ್ಲಿ ಬಿಡುತ್ತಾರೆ. ನೋಡಲು ಸರಿಯಾಗಿ ಕಾಣುತ್ತದೆ. ಭಾರ ಇಳಿಯುವ ಜಾಗದಲ್ಲೇ ಕೆಳಗೆ ಮರ ಇರುವುದಿಲ್ಲ.

ಹಾಗಂತ ಮರ ಬಾಗಿಸಬೇಕಾಗಿಲ್ಲ. ಉಬ್ಬನ್ನು ಮೂರು ನೇರ ತುಂಡುಗಳಲ್ಲಿ ಹಿಡಿಯಬಹುದು.

ದೊಡ್ಡ ಖಾಕಿ ಕಾಗದ ಒಂದನ್ನು ನೆಲಕ್ಕೆ ಹಾಸಿ. ಅದರ ಮೇಲೆ ಖಾಲಿ ತೊಟ್ಟಿ ಇಟ್ಟು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಅಂಚಿನ ಸುತ್ತ ಗೆರೆ ಎಳೆಯಿರಿ. ಈ ಕಾಗದವೇ ನಿಮ್ಮ ಅಚ್ಚು. ಪೂರ್ತಿ ಕೆಲಸಕ್ಕೆ ಇದರ ಅಳತೆಯೇ ಕೊನೆಯ ಮಾತು. ಗೆರೆ ನಡುಗಿದ್ದರೆ ಸರಿಪಡಿಸಲು ಒಂದು ಉಪಾಯ ಇದೆ. ನಿಮ್ಮ ಅಳತೆಗೆ, ಅಂದರೆ 36 ಇಂಚು ಉದ್ದಕ್ಕೆ 4 ಇಂಚು ಉಬ್ಬಿಗೆ, ವೃತ್ತದ ತ್ರಿಜ್ಯ 42.5 ಇಂಚು ಬರುತ್ತದೆ. ನೀವು ಶಿಕ್ಷಕಿ, ಮಕ್ಕಳಿಗೂ ಈ ಲೆಕ್ಕ ಕೊಡಬಹುದು. ಉದ್ದದ ಅರ್ಧ 18. ಅದರ ವರ್ಗ 324. ಉಬ್ಬಿನ ವರ್ಗ 16. ಕೂಡಿಸಿ, ಉಬ್ಬಿನ ಎರಡರಷ್ಟು, ಅಂದರೆ 8ರಿಂದ ಭಾಗಿಸಿ. ಒಂದು ತೆಳು ರಿಪ್ಪಿನ ಒಂದು ಕಡೆ ಮೊಳೆ, 42.5 ಇಂಚು ದೂರದಲ್ಲಿ ಪೆನ್ಸಿಲ್ ತೂತು. ಮೊಳೆ ಊರಿ ರಿಪ್ಪನ್ನು ತಿರುಗಿಸಿದರೆ ಬಿಲ್ಲು ತಾನೇ ಬರುತ್ತದೆ. ದಾರ ಬೇಡ, ಅದು ಎಳೆದ ಹಾಗೆ ಹಿಗ್ಗುತ್ತದೆ. ಈ ಗೆರೆಯೂ ತೊಟ್ಟಿಯ ಸುತ್ತ ಎಳೆದ ಗೆರೆಯೂ ಬೇರೆ ಬೇರೆ ಬಂದರೆ ತೊಟ್ಟಿಯ ಗೆರೆಯನ್ನೇ ನಂಬಿ. ಎಲ್ಲ ಗಾಜೂ ಪೂರ್ತಿ ವೃತ್ತದ ತುಂಡಾಗಿರುವುದಿಲ್ಲ.

ಈಗ ಮುಂದಿನ 36 ಇಂಚನ್ನು 11, 14, 11 ಎಂದು ಮೂರು ಪಾಲು ಮಾಡಿ, ಬಿಲ್ಲಿನ ಮೇಲೆ ಎರಡು ಚುಕ್ಕೆ ಇಡಿ. ಎರಡು ಮೂಲೆ, ಎರಡು ಚುಕ್ಕೆ. ಈ ನಾಲ್ಕು ಕಡೆ ಮುಂದಿನ ಕಾಲು. ಅವುಗಳ ತಲೆಯ ಮೇಲೆ ಮೂರು ನೇರ ಅಡ್ಡಪಟ್ಟಿ. ಚುಕ್ಕೆಯಿಂದ ಚುಕ್ಕೆಗೆ ನೇರ ಗೆರೆ ಎಳೆದರೆ ಬಿಲ್ಲು ಅದರಿಂದ ಹೆಚ್ಚೆಂದರೆ ಅರ್ಧ ಇಂಚಿನ ಆಸುಪಾಸು ಆಚೆ ಹೋಗುತ್ತದೆ, ಅಷ್ಟೇ. ನಿಮ್ಮ ಅಡ್ಡಪಟ್ಟಿ ಎರಡೂವರೆ ಇಂಚು ಅಗಲ ಇರುತ್ತದೆ. ಪಟ್ಟಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಇಟ್ಟರೆ ಬಿಲ್ಲಿನ ಗೆರೆ ಎಲ್ಲೂ ಮರದಿಂದ ಹೊರಗೆ ಜಾರುವುದಿಲ್ಲ. ಕಾಗದದ ಮೇಲೆ ಪಟ್ಟಿಗಳನ್ನು ಇಟ್ಟು ನೋಡಿ. ಪಟ್ಟಿಗಳು ಸೇರುವ ಕೋನವನ್ನೂ ಲೆಕ್ಕ ಹಾಕಬೇಡಿ. ಒಂದರ ಮೇಲೊಂದು ಇಟ್ಟು ಮರದ ಮೇಲೆಯೇ ಗುರುತು ಹಾಕಿ ಕೊಯ್ಯಿರಿ.

ಹಿಂದೆ ಎರಡು ಮೂಲೆಗೆ ಎರಡು ಕಾಲು, ನಡುವೆ ಒಂದು. ಒಟ್ಟು ಏಳು. ಮೇಲೆ ಒಂದು ಸುತ್ತು ಪಟ್ಟಿ, ಕೆಳಗೆ ಅದೇ ಆಕಾರದ ಇನ್ನೊಂದು ಸುತ್ತು. ನಡುವಿನ ಮುಂಗಾಲುಗಳಿಂದ ಹಿಂದಿನ ಪಟ್ಟಿಗೆ ಎರಡು ಅಡ್ಡ ತುಂಡು. ಎರಡೂವರೆ ಇಂಚು ಚೌಕದ ಮರ ಸುಮಾರು 34 ಅಡಿ ಬೇಕಾಗುತ್ತದೆ. 7 ಅಡಿ ಬಾಗಿಲಿನ ಎರಡು ಚೌಕಟ್ಟು ಸಾಕು. ಹೊಸ್ತಿಲಿನ ಮರವೂ ಅದರಲ್ಲಿದ್ದರೆ, ಕೊಯ್ಯುವ ಮೊದಲು ಮಾವನವರನ್ನು ಒಂದು ಮಾತು ಕೇಳಿ. ಅರಿಶಿನ ಕುಂಕುಮ ಹಚ್ಚಿದ ಮರ ಅದು, ಅವರ ಮನಸ್ಸಿನಲ್ಲಿ ಬೇರೆ ಏನಾದರೂ ಇರಬಹುದು.

ಹಳೇ ಮರ ಕೊಯ್ಯಿಸುವ ಮೊದಲು ಮೊಳೆ ಹುಡುಕಿ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಮರದ ಮೇಲೆ ಓಡಿಸಿದರೆ ಒಳಗಿರುವ ಮೊಳೆ ಸಿಗುತ್ತದೆ. ಮೊಳೆ ಇರುವ ಮರವನ್ನು ಸಾ ಮಿಲ್ಲಿನವರು ಮುಟ್ಟುವುದಿಲ್ಲ. ಗೆದ್ದಲು ತಿಂದ ತುದಿ ಇದ್ದರೆ ಉಳಿಯಲ್ಲಿ ಚುಚ್ಚಿ ನೋಡಿ, ಮೆತ್ತಗಿರುವಷ್ಟನ್ನೂ ಕತ್ತರಿಸಿ ಎಸೆಯಿರಿ.

ಜೋಡಣೆಯಲ್ಲಿ ಒಂದೇ ಮಾತು ಮರೆಯಬೇಡಿ. ಭಾರ ಮರದ ಮೇಲೆ ಕೂರಬೇಕು, ಸ್ಕ್ರೂವಿಗೆ ನೇತು ಬೀಳಬಾರದು. ಮೇಲಿನ ಪಟ್ಟಿ ಕಾಲಿನ ತಲೆಯ ಮೇಲೆ ಕೂರಲಿ. ಕಾಲು ಕೆಳಗಿನ ಪಟ್ಟಿಯ ಮೇಲೆ ನಿಲ್ಲಲಿ. ಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಒತ್ತಿ ಎರಡು ಸ್ಕ್ರೂ ಹೊಡೆದರೆ ಐದು ಮೂಟೆಯೂ ಬರೀ ಸ್ಕ್ರೂಗಳ ಮೇಲೆ ಬರುತ್ತದೆ. ಮಾವನವರಿಗೆ ಗಂಡು ಹೆಣ್ಣು ಕಚ್ಚು (ಒಂದು ತುಂಡಿನ ತುದಿಯನ್ನು ಇನ್ನೊಂದರ ತೂತಿನಲ್ಲಿ ಕೂರಿಸುವ ಜೋಡಣೆ) ಮಾಡಲು ಬಂದರೆ ಬಹಳ ಒಳ್ಳೆಯದು. ಬಾರದಿದ್ದರೂ ತೊಂದರೆ ಇಲ್ಲ. ತುದಿಗಳನ್ನು ಮೂಲೆಮಟ್ಟ ಇಟ್ಟು ನೇರ ಕೊಯ್ದು, ನೀರಿಗೆ ಬಿಡದ ಮರೈನ್ ಫೆವಿಕಾಲ್ ಹಚ್ಚಿ, ಉದ್ದನೆಯ ಸ್ಕ್ರೂ ಬಿಗಿಯಿರಿ. ಸ್ಕ್ರೂವಿನ ಕೆಲಸ ಅಲುಗದಂತೆ ಹಿಡಿದುಕೊಳ್ಳುವುದು ಮಾತ್ರ. ಹೊನ್ನೆ ಗಟ್ಟಿ ಮರ, ಮೊದಲೇ ಸಣ್ಣ ತೂತು ಕೊರೆಯದಿದ್ದರೆ ಸೀಳುತ್ತದೆ.

ಇಷ್ಟಾದ ಮೇಲೆ ಸ್ಟ್ಯಾಂಡನ್ನು ಪಕ್ಕದಿಂದ ತಳ್ಳಿ ನೋಡಿ. ವಾಲಾಡುತ್ತದೆ ಅಲ್ವಾ? ಅದಕ್ಕೇ ಹಿಂಬದಿಗೆ 12 ಮಿ.ಮೀ. ಪ್ಲೈವುಡ್ ಹೊಡೆಯಬೇಕು. ಗೋಂದು ಹಚ್ಚಿ, ಆರು ಇಂಚಿಗೊಂದು ಸ್ಕ್ರೂ. ಎರಡೂ ಪಕ್ಕಕ್ಕೂ ಹಾಗೇ. ಮೊದಲ ಬಾರಿ ಮಾಡುವವರು ಈ ಹಿಂಬದಿ ಹಲಗೆಯನ್ನು ಅಂದಕ್ಕೆ ಅಂತ ತಿಳಿದು ಬಿಟ್ಟುಬಿಡುತ್ತಾರೆ. ಸ್ಟ್ಯಾಂಡ್ ಪಕ್ಕಕ್ಕೆ ಮಡಚದ ಹಾಗೆ ತಡೆಯುವುದು ಅದೇ.

ಮೇಲಿನ ಹಲಗೆ 19 ಮಿ.ಮೀ. ಪ್ಲೈವುಡ್, ಒಂದೇ ತುಂಡು. ಹಾಳೆಯ ಮೇಲೆ ಐಎಸ್ (ಭಾರತೀಯ ಮಾನಕ) 710 ಅಂತ ಮುದ್ರೆ ಇರಲಿ, ಅದು ನೀರಿಗೆ ತಡೆಯುವ ಮರೈನ್ ದರ್ಜೆ. ಐಎಸ್ 303 ಮುದ್ರೆಯದ್ದು ಅದಕ್ಕಿಂತ ಕೆಳಗಿನದು. ಕಾಗದದ ಅಚ್ಚಿಗಿಂತ ಅರ್ಧ ಇಂಚು ಜಾಸ್ತಿ ಬಿಟ್ಟು ಬಿಲ್ಲನ್ನು ಕೊಯ್ಯಿಸಿ. ಜಿಗ್ ಸಾ ಯಂತ್ರ ಇರುವ ಯಾವ ಬಡಗಿ ಅಂಗಡಿಯಲ್ಲಾದರೂ ಹತ್ತು ನಿಮಿಷದ ಕೆಲಸ. ಕೊಯ್ದ ಅಂಚಿಗೆ ಗೋಂದೋ ಪಾಲಿಶ್ಶೋ ಎರಡು ಸಲ ಕುಡಿಸಿ. ಪ್ಲೈವುಡ್ ನೀರು ಕುಡಿಯುವುದು ಆ ಅಂಚಿನಿಂದಲೇ.

ಮುಂದಿನ ಉಬ್ಬಿಗೆ ಹೊದಿಕೆ ಬೇಕಲ್ಲ. ಇದು ಭಾರ ಹೊರುವುದಿಲ್ಲ, ಹಾಗಾಗಿ ಇಲ್ಲಿ ಬಾಗಿಸಬಹುದು. 4 ಮಿ.ಮೀ. ಪ್ಲೈವುಡ್ ಇಷ್ಟು ದೊಡ್ಡ ಬಿಲ್ಲಿಗೆ ಕೈಯಲ್ಲೇ ಬಾಗುತ್ತದೆ. ಬಿಲ್ಲಿನ ಉದ್ದ ಸುಮಾರು 37 ಕಾಲು ಇಂಚು, ತುಂಡು ಹಾಕುವಾಗ 36 ಅಂತ ಕೊಯ್ದು ಕೆಡಿಸಬೇಡಿ. ನನಗೆ ಇಷ್ಟವಾದದ್ದು ಬೇರೆ. ಉಳಿದ ಹೊನ್ನೆಯಲ್ಲಿ ಒಂದೂವರೆ ಇಂಚು ಅಗಲದ ಪಟ್ಟಿ ಸೀಳಿಸಿ, ನಿಲುವಾಗಿ ಒಂದರ ಪಕ್ಕ ಒಂದು ಜೋಡಿಸುತ್ತಾ ಹೋಗಿ. ನೇರ ಪಟ್ಟಿಗಳೇ ಸುತ್ತಿಕೊಂಡು ಬಿಲ್ಲಾಗುತ್ತವೆ. ನಡುವಿನ ಎರಡು ಕಾಲುಗಳ ಸಂದು 11.5 ಇಂಚು ಉಳಿಯುತ್ತದೆ, ಅಲ್ಲಿಗೆ ಚಪ್ಪಟೆ ಬಾಗಿಲೇ ಸಾಕು. ಒಳಗೆ ಫಿಲ್ಟರ್ ಡಬ್ಬ ಇಡುವ ಆಸೆ ಇದ್ದರೆ ಈಗಲೇ ಅದರ ಅಗಲ ಅಳೆದುಕೊಳ್ಳಿ.

ಹೊನ್ನೆಯ ಬಗ್ಗೆ ಒಂದು ಎಚ್ಚರಿಕೆ. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟರೆ ಬಣ್ಣ ಬಿಡುವುದನ್ನು ನೀವು ನೋಡಿರಬಹುದು. ಸ್ಟ್ಯಾಂಡ್ ಮೇಲೆ ನೀರು ಬಿದ್ದಾಗಲೂ ಹಾಗೇ ಬಣ್ಣ ಇಳಿದು ಗೋಡೆಗೆ, ನೆಲಕ್ಕೆ ಕಲೆಯಾಗುತ್ತದೆ. ಆದ್ದರಿಂದ ಒಳಗೂ ಹೊರಗೂ ಪಿಯು (ಪಾಲಿಯುರೆಥೇನ್) ಪಾಲಿಶ್ ಮೂರು ಕೈ ಕೊಡಿ. ಸ್ಪಿರಿಟ್ ಪಾಲಿಶ್ ನೀರಿಗೆ ನಿಲ್ಲುವುದಿಲ್ಲ. ವಾಸನೆ ಪೂರ್ತಿ ಹೋಗುವವರೆಗೆ ಮೀನು ಹತ್ತಿರ ತರಬೇಡಿ. ನಾನು ಎರಡು ವಾರ ಹೊರಗೆ ನೆರಳಲ್ಲಿ ಬಿಡುತ್ತೇನೆ.

ಕೊನೆಗೆ ಕೂರಿಸುವುದು. ಸ್ಟ್ಯಾಂಡಿನ ಕೆಳಗೆ ಗ್ರಾನೈಟ್ ಚೂರುಗಳನ್ನು ಇಡಿ, ನೆಲದ ತೇವ, ಗೆದ್ದಲು ಎರಡೂ ದೂರ. ಖಾಲಿ ತೊಟ್ಟಿ ಇಟ್ಟು, ಅಂಚಿನ ಕೆಳಗೆ ಒಂದು ಪೋಸ್ಟ್ ಕಾರ್ಡ್ ತೂರಿಸಲು ನೋಡಿ. ಎಲ್ಲಾದರೂ ತೂರಿದರೆ ಅದರ ಪಕ್ಕದ ಎತ್ತರದ ಜಾಗವನ್ನು ಉಜ್ಜುಗೊರಡಿನಿಂದ ಕೀಸಿ. ನಿಮ್ಮ ತೊಟ್ಟಿಯ ಹಾಗೆ ಅಂಚಿನ ಪಟ್ಟಿ ಇರುವುದಕ್ಕೆ ಥರ್ಮೋಕೋಲ್ ಹಾಕಬಾರದು. ಅದು ನಡುವೆ ಉಬ್ಬಿ ತಳದ ಗಾಜನ್ನು ಮೇಲಕ್ಕೆ ಒತ್ತುತ್ತದೆ. ಪಟ್ಟಿ ಇಲ್ಲದೆ ತಳದ ಗಾಜೇ ನೇರ ಕೂರುವ ತೊಟ್ಟಿಗೆ ಮಾತ್ರ 10–12 ಮಿ.ಮೀ. ಥರ್ಮೋಕೋಲ್ ಬೇಕು.

ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ನೋಡಿ. ಆಮೇಲೆ ಮೂರರಲ್ಲಿ ಒಂದು ಪಾಲು ನೀರು ತುಂಬಿ ಒಂದು ರಾತ್ರಿ ಬಿಡಿ. ನಾಲ್ಕೂ ಮೂಲೆಯಲ್ಲಿ ಮೇಲಿನ ಅಂಚಿನಿಂದ ನೀರು ಎಷ್ಟು ಕೆಳಗಿದೆ ಅಂತ ಸ್ಕೇಲಿನಲ್ಲಿ ಅಳೆಯಿರಿ. ಹೆಚ್ಚುಕಮ್ಮಿ ಇದ್ದರೆ ನೀರು ತೆಗೆದು, ಸ್ಟ್ಯಾಂಡಿನ ಕೆಳಗೆ ತೆಳು ಚಕ್ಕೆ ಕೊಡಿ. ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ಚಕ್ಕೆ ಕೊಡಲೇಬೇಡಿ. ಭಾರವೆಲ್ಲ ಆ ಒಂದು ಚಕ್ಕೆಯ ಮೇಲೆ ಬಂದು ಗಾಜು ಬಿರಿಯುತ್ತದೆ.

ಪ್ರಶ್ನೆ: ನಮ್ಮದು ಕುಂದಾಪುರ. ಮನೆಯ ಮಾಡಿನ ಮರಕ್ಕೆಲ್ಲ ಗೇರೆಣ್ಣೆ ಹಚ್ಚುತ್ತೇವೆ. ಹಲಸಿನ ಮರದಲ್ಲಿ ಮೀನಿನ ತೊಟ್ಟಿಗೆ ಸ್ಟ್ಯಾಂಡ್ ಮಾಡಿದ್ದೇನೆ. ಅದಕ್ಕೂ ಗೇರೆಣ್ಣೆ ಆಗುತ್ತದಾ?
— ಕೃಷಿಕರು

ಉತ್ತರ: ಹಲಸು ಒಳ್ಳೆಯ ಆಯ್ಕೆ. ಗೇರೆಣ್ಣೆ ಗೆದ್ದಲಿಗೆ ಒಳ್ಳೆಯದೇ, ಆದರೆ ಮನೆಯೊಳಗಿನ ಈ ಕೆಲಸಕ್ಕೆ ನಾನು ಹೇಳುವುದಿಲ್ಲ. ಒಣಗಲು ಬಹಳ ದಿನ ಬೇಕು. ಸರಿಯಾಗಿ ಒಣಗದಿದ್ದರೆ ಒದ್ದೆ ಕೈ ತಾಗಿದಾಗ ಚರ್ಮ ಸುಡುತ್ತದೆ. ಅದೇ ಕೈಯನ್ನು ನೀವು ಮೀನಿನ ನೀರಿಗೆ ಹಾಕುತ್ತೀರಿ. ನೆಲಕ್ಕೆ ತಾಗುವ ಕಾಲಿನ ತುದಿಗೆ ಮಾತ್ರ ಬೇಕಾದರೆ ಹಚ್ಚಿ. ಮಿಕ್ಕಿದ್ದಕ್ಕೆ ಪಿಯು ಪಾಲಿಶ್.

ಪ್ರಶ್ನೆ: ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. 250 ಕೆಜಿ ತೊಟ್ಟಿ ಇಟ್ಟರೆ ನೆಲ ತಡೆಯುತ್ತದಾ ಸರ್? ಶಿರಸಿ ಕಡೆ ನಮ್ಮ ಹಳೇ ಮನೆಯ ಮರದ ಮಹಡಿಯಲ್ಲೂ ಒಂದು ಇಡುವ ಯೋಚನೆ ಇದೆ.
— ಬ್ಯಾಂಕ್ ನೌಕರರು

ಉತ್ತರ: ಮನೆಯ ಮಹಡಿಯ ಕಾಂಕ್ರೀಟ್ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಓಡಾಟದ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಕಟ್ಟಡದ ಭಾರ ಲೆಕ್ಕ ಹಾಕುವ ಮಾನಕ ಐಎಸ್ 875ರಲ್ಲಿ ಹಾಗೇ ಇದೆ. ತೊಟ್ಟಿಯ ಭಾರ ಅರ್ಧ ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ ಇಳಿಯುತ್ತದೆ ನಿಜ, ಆದರೆ ಕೋಣೆಯ ಉಳಿದ ನೆಲ ಖಾಲಿ ಇರುತ್ತದಲ್ಲ. ಸರಿಯಾಗಿ ಕಟ್ಟಿದ ಮನೆಯಲ್ಲಿ, ತೊಲೆ ಅಥವಾ ಭಾರ ಹೊರುವ ಗೋಡೆಯ ಪಕ್ಕ ಇಟ್ಟರೆ ಮೂರು ಅಡಿಯ ತೊಟ್ಟಿಗೆ ನಾನು ಹೆದರುವುದಿಲ್ಲ. ಕೋಣೆಯ ನಡುವೆ ಬೇಡ. ನಾಲ್ಕು ಅಡಿ ದಾಟಿದರೆ ಎಂಜಿನಿಯರಿಗೆ ತೋರಿಸಿ. ಶಿರಸಿಯ ಮರದ ಮಹಡಿಯಲ್ಲಿ ಇಡಲೇಬೇಡಿ. ನಡೆದಾಗ ಆ ಹಲಗೆ ಕುಣಿಯುತ್ತದೆ, ಗಾಜಿನ ಸಂದು ಅದನ್ನು ತಾಳುವುದಿಲ್ಲ. ಕೆಳಗಿನ ಜಗಲಿಯಲ್ಲಿ ಇಡಿ, ಬಂದವರಿಗೂ ಕಾಣುತ್ತದೆ.

ಪ್ರಶ್ನೆ: ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಮೇಲಾ, ಮರದ್ದು ಮೇಲಾ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎರಡೂ ಆಗುತ್ತದೆ. ವೆಲ್ಡಿಂಗ್ ಮಾಡುವಾಗ ಕಬ್ಬಿಣ ತಿರುಚಿಕೊಂಡು ನಾಲ್ಕು ಕಾಲು ಸಮ ಬರದಿರುವುದೇ ಜಾಸ್ತಿ. ಮರವನ್ನು ಕೀಸಿ ಸರಿ ಮಾಡಬಹುದು, ಕಬ್ಬಿಣವನ್ನು ಆಗುವುದಿಲ್ಲ. ಕಬ್ಬಿಣದ್ದೇ ಮಾಡಿಸಿದರೆ ಮೇಲೆ 19 ಮಿ.ಮೀ. ಪ್ಲೈವುಡ್ ಹಾಕಿ. ಎರಡರಲ್ಲೂ ವೈರನ್ನು ಪ್ಲಗ್ಗಿಗಿಂತ ಕೆಳಗೆ ತೂಗುಬಿಟ್ಟು ಮೇಲೆ ತನ್ನಿ. ವೈರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಅಜ್ಜ, ನಾನು ಎಂಟನೇ ಕ್ಲಾಸು. ನಮ್ಮ ಅಜ್ಜಿ ಮಂಚದ ಮೇಲೇ ಇರುತ್ತಾರೆ, ಏಳಲು ಆಗುವುದಿಲ್ಲ. ಅವರಿಗೆ ಕಾಣುವ ಹಾಗೆ ಉಬ್ಬು ಗಾಜಿನ ಸಣ್ಣ ತೊಟ್ಟಿ ಇಡಬೇಕು ಅಂತ ಅಪ್ಪ ತಂದಿದ್ದಾರೆ. ಎತ್ತರ 15 ಇಂಚು ಇದೆ. ಸ್ಟ್ಯಾಂಡ್ ಎಷ್ಟು ಎತ್ತರ ಮಾಡಬೇಕು?
— ಚಿಕ್ಕಮಗಳೂರಿನಿಂದ

ಉತ್ತರ: ಪುಟ್ಟಾ, ಅಜ್ಜಿ ದಿಂಬಿಗೆ ಒರಗಿಕೊಂಡಾಗ ನೆಲದಿಂದ ಅವರ ಕಣ್ಣಿನವರೆಗೆ ಟೇಪಿನಲ್ಲಿ ಅಳೆದು ಬರೆದುಕೋ. ಅದರಲ್ಲಿ ತೊಟ್ಟಿಯ ಎತ್ತರದ ಅರ್ಧ ಕಳೆ. 28 ಇಂಚು ಬಂದರೆ ಅದರಲ್ಲಿ ಏಳೂವರೆ ಕಳೆದು 20.5 ಇಂಚಿನ ಸ್ಟ್ಯಾಂಡ್. ಮಂಚದ ಪಕ್ಕಕ್ಕೆ ಇಡಬೇಡ, ಉಬ್ಬಿನ ನಡುಭಾಗ ಅಜ್ಜಿಯ ಮುಖಕ್ಕೆ ನೇರ ಬರುವ ಹಾಗೆ ತಿರುಗಿಸಿ ಇಡು. ನೀರು ತುಂಬಿದ ಉಬ್ಬು ಗಾಜು ಭೂತಗನ್ನಡಿಯ ಕೆಲಸ ಮಾಡುತ್ತದೆ. ನೇರ ನೋಡಿದರೆ ಮೀನು ದೊಡ್ಡದಾಗಿ ಕಾಣುತ್ತದೆ, ಅಜ್ಜಿಯ ಕಣ್ಣಿಗೆ ಅದು ಅನುಕೂಲ. ಓರೆಯಿಂದ ನೋಡಿದರೆ ಎಳೆದ ಹಾಗೆ ಕಾಣುತ್ತದೆ, ತಲೆ ಸುತ್ತಬಹುದು. ಸ್ಟ್ಯಾಂಡ್ ಇದಕ್ಕಿಂತ ತಗ್ಗು ಮಾಡಬೇಡಿ. ಕೊಳವೆಯಲ್ಲಿ ಹಳೇ ನೀರು ಇಳಿಸುವಾಗ ಬಕೆಟ್ ತೊಟ್ಟಿಗಿಂತ ಕೆಳಗಿರಬೇಕು, 20 ಇಂಚು ಇದ್ದರೆ ಸಾಮಾನ್ಯ ಬಕೆಟ್ ಹಿಡಿಯುತ್ತದೆ. ಇನ್ನು ಫಿಲ್ಟರ್ ಸದ್ದು ಮಾಡದ್ದನ್ನು ತರಲು ಅಪ್ಪನಿಗೆ ಹೇಳು, ಅಜ್ಜಿ ರಾತ್ರಿ ಅದೇ ಕೋಣೆಯಲ್ಲಿ ಮಲಗಬೇಕಲ್ಲ.